ನಿಮ್ಮ ಔಷಧದ ಬಗ್ಗೆ ಆನ್‌ಲೈನ್‌ನಲ್ಲಿ ನಂಬುವಂಥ ಮಾಹಿತಿ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಮಾತ್ರೆ ಕೈಗೆ ಬಂದ ಕೂಡಲೇ ಅದರ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡುವವರೇ ಜಾಸ್ತಿ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮೈಯೊಳಗೆ ಹೋಗುವ ವಸ್ತು ಏನು ಅಂತ ತಿಳಿದುಕೊಳ್ಳುವ ಹಕ್ಕು ನಮಗಿದೆ. ತೊಂದರೆ ಶುರುವಾಗುವುದು ಆಮೇಲೆ. ಒಂದು ಪುಟ ಇದು ಜೀವ ಉಳಿಸುವ ಔಷಧ ಎನ್ನುತ್ತದೆ. ಇನ್ನೊಂದು ಕಿಡ್ನಿ ಹಾಳಾಗುತ್ತದೆ ಎನ್ನುತ್ತದೆ. ಮೂರನೆಯದು ಎಲ್ಲಾ ಮಾತ್ರೆ ಬಿಟ್ಟು ನಮ್ಮ ಪುಡಿ ಕೊಳ್ಳಿ ಎನ್ನುತ್ತದೆ. ಇವನ್ನೆಲ್ಲ ಓದಿ ಹೆದರಿ, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಡುವವರು ಇದ್ದಾರೆ. ಅದು ಬಹಳ ಅಪಾಯದ ಕೆಲಸ.

ನೆಟ್‌ನಲ್ಲಿ ಇರುವುದು ಸಾವಿರಾರು ಜನರನ್ನು ನೋಡಿ ಬರೆದ ಮಾಹಿತಿ. ನಿಮ್ಮ ವಯಸ್ಸು, ನಿಮ್ಮ ಲಿವರ್, ಕಿಡ್ನಿಯ ಸ್ಥಿತಿ, ನೀವು ಜೊತೆಗೆ ತಗೊಳ್ಳುವ ಬೇರೆ ಮಾತ್ರೆ, ಇದ್ಯಾವುದೂ ಆ ಪುಟಕ್ಕೆ ಗೊತ್ತಿಲ್ಲ. ನಿಮ್ಮ ಡಾಕ್ಟರಿಗೆ ಗೊತ್ತು, ಫಾರ್ಮಸಿಸ್ಟಿಗೆ ಹೇಳಿದರೆ ಅವರಿಗೂ ಗೊತ್ತಾಗುತ್ತದೆ. ಹಾಗಾಗಿ ಒಳ್ಳೆಯ ಹುಡುಕಾಟದ ಕೊನೆಗೆ ನಿಮ್ಮ ಕೈಯಲ್ಲಿ ಅವರನ್ನು ಕೇಳಬಹುದಾದ ಒಂದು ಖಚಿತವಾದ ಪ್ರಶ್ನೆ ಇರಬೇಕು. ಡೋಸ್ ಬದಲಾಯಿಸುವುದು, ಮಾತ್ರೆ ನಿಲ್ಲಿಸುವುದು, ಹೊಸದನ್ನು ಸೇರಿಸುವುದು ಇವೆಲ್ಲ ಅವರ ಜೊತೆ ಮಾತಾಡಿದ ಮೇಲಿನ ಕೆಲಸ. ಈ ಬರಹ ಅಲ್ಲಿಯವರೆಗಿನ ದಾರಿಯ ಬಗ್ಗೆ.

ಮೊದಲನೆಯದಾಗಿ: ಯಾವಾಗ ಹುಡುಕಲೇಬಾರದು

ಕೆಲವು ಹೊತ್ತಿನಲ್ಲಿ ಫೋನ್ ಇರುವುದು ಕರೆ ಮಾಡಲಿಕ್ಕೆ ಮಾತ್ರ. ಔಷಧ ತಗೊಂಡ ಮೇಲೆ ತುಟಿ, ನಾಲಿಗೆ ಅಥವಾ ಮುಖ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ತಕ್ಷಣ ತುರ್ತು ಸಹಾಯ ಕರೆಯಿರಿ. ಮೈಮೇಲೆ ಗುಳ್ಳೆ ಎದ್ದು, ಬಾಯಿ ಅಥವಾ ಕಣ್ಣಿನಲ್ಲೂ ಹುಣ್ಣಾದರೆ ಅದೂ ತುರ್ತೇ. ಮಗು ಯಾವುದಾದರೂ ಮಾತ್ರೆ ನುಂಗಿದೆ ಎಂಬ ಅನುಮಾನ ಬಂದರೂ ಕಾಯಬೇಡಿ.

ಪ್ಯಾರಾಸಿಟಮಾಲ್ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅದನ್ನು ಅತಿಯಾಗಿ ತಗೊಂಡವರಿಗೆ ಮೊದಲ ದಿನ ಏನೂ ಆಗಿಲ್ಲ ಅನ್ನಿಸಬಹುದು. ಲಿವರ್‌ಗೆ ಆದ ಹಾನಿ ಆಮೇಲೆ ಕಾಣಿಸುತ್ತದೆ. ಅದಕ್ಕೆ ಕೊಡುವ ಪ್ರತಿವಿಷ ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಆರಾಮಾಗಿದ್ದೀನಲ್ಲ ಅಂತ ನೆಟ್ ನೋಡುತ್ತಾ ಕೂತರೆ ಆ ಸಮಯ ಕೈತಪ್ಪುತ್ತದೆ. ಬೇಕೆಂತಲೇ ಹೆಚ್ಚು ಮಾತ್ರೆ ನುಂಗಿದ್ದರೆ, ನುಂಗಬೇಕು ಅನ್ನಿಸುತ್ತಿದ್ದರೆ, ಈ ಸಾಲು ಓದುವುದನ್ನು ನಿಲ್ಲಿಸಿ ಈಗಲೇ ಹತ್ತಿರದವರಿಗೆ ಹೇಳಿ, ತುರ್ತು ಸಂಖ್ಯೆಗೆ ಕರೆ ಮಾಡಿ. ನಿಮ್ಮ ದೇಶದ ತುರ್ತು ಸಂಖ್ಯೆ, ವಿಷ ಮಾಹಿತಿ ಕೇಂದ್ರದ ಸಂಖ್ಯೆ, ಮಾನಸಿಕ ಆರೋಗ್ಯ ಸಹಾಯವಾಣಿ ಈ ಮೂರನ್ನೂ ಸುಮ್ನೆ ಇರುವ ದಿನವೇ ಫೋನಿನಲ್ಲಿ ಉಳಿಸಿಕೊಳ್ಳಿ.

ಹೆಜ್ಜೆ 1: ಔಷಧದ ಪೂರ್ತಿ ಗುರುತು ಬರೆದುಕೊಳ್ಳಿ

"ಬಿಪಿ ಮಾತ್ರೆ", "ಬಿಳಿ ಗುಂಡನೆಯ ಮಾತ್ರೆ" ಅಂತ ಹುಡುಕಿದರೆ ಏನೇನೋ ಬರುತ್ತದೆ. ಸ್ಟ್ರಿಪ್ ಅಥವಾ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಬ್ರ್ಯಾಂಡ್ ಹೆಸರು. ಅದರ ಹತ್ತಿರವೇ ಜೆನೆರಿಕ್ ಹೆಸರು ಇರುತ್ತದೆ, ಅಂದರೆ ಒಳಗಿರುವ ಔಷಧದ ನಿಜವಾದ ಹೆಸರು. ಹುಡುಕಬೇಕಾದದ್ದು ಈ ಜೆನೆರಿಕ್ ಹೆಸರನ್ನು. ಸ್ಟ್ರಿಪ್ ನೋಡುತ್ತಾ ಇಂಗ್ಲಿಷ್ ಅಕ್ಷರಗಳಲ್ಲೇ ಒಂದೊಂದಾಗಿ ಟೈಪ್ ಮಾಡಿ. ನೆನಪಿನಿಂದ ಟೈಪ್ ಮಾಡಬೇಡಿ. ಒಂದೆರಡು ಅಕ್ಷರ ಬದಲಾದರೆ ಬೇರೆಯೇ ಔಷಧ ಆಗಿಬಿಡುವ ಹೆಸರುಗಳು ಬಹಳ ಇವೆ.

ಬ್ರ್ಯಾಂಡ್ ಹೆಸರು ಯಾಕೆ ಸಾಲದು? ಒಂದೇ ಬ್ರ್ಯಾಂಡ್ ಹೆಸರು ಬೇರೆ ದೇಶದಲ್ಲಿ ಬೇರೆ ಔಷಧದ್ದಾಗಿರಬಹುದು. ಅಮೆರಿಕದಲ್ಲಿ ಫ್ಲೋಮ್ಯಾಕ್ಸ್ ಅಂದರೆ ಟ್ಯಾಮ್ಸುಲೋಸಿನ್, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರಿಗೆ ಕೊಡುವುದು. ಇಟಲಿಯಲ್ಲಿ ಅದೇ ಹೆಸರಿನಲ್ಲಿ ಉರಿಯೂತದ ಔಷಧವೊಂದು ಇತ್ತು. ಈ ಥರದ ಗೊಂದಲದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಎಚ್ಚರಿಸಿತ್ತು. ನೆಟ್‌ಗೆ ದೇಶದ ಗಡಿ ಇಲ್ಲ, ಹಾಗಾಗಿ ನೀವು ಓದುತ್ತಿರುವ ಪುಟ ಯಾವ ದೇಶದ ಔಷಧದ ಬಗ್ಗೆ ಅಂತ ನೋಡಲೇಬೇಕು.

ಜೆನೆರಿಕ್ ಹೆಸರುಗಳನ್ನು ಲೋಕಕ್ಕೆಲ್ಲ ಒಂದೇ ಮಾಡಲು ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದಿಂದ ಅಂತರರಾಷ್ಟ್ರೀಯ ಹೆಸರುಗಳ ಪಟ್ಟಿ ನಡೆಸುತ್ತಿದೆ. ಆದರೂ ಕೆಲವಕ್ಕೆ ಎರಡು ಹೆಸರು ಉಳಿದಿವೆ. ಪ್ಯಾರಾಸಿಟಮಾಲ್ ಮತ್ತು ಅಸೆಟಮಿನೋಫೆನ್ ಒಂದೇ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಮತ್ತು ಆಲ್ಬ್ಯುಟೆರಾಲ್ ಒಂದೇ. ಇದು ಗೊತ್ತಿಲ್ಲದೆ ಎರಡು ಬೇರೆ ಔಷಧ ಅಂದುಕೊಂಡು ಎರಡನ್ನೂ ನುಂಗಿದರೆ ಡೋಸ್ ದುಪ್ಪಟ್ಟಾಗುತ್ತದೆ. ನೆಗಡಿಯ ಮಾತ್ರೆ, ತಲೆನೋವಿನ ಮಾತ್ರೆ, ಜ್ವರದ ಸಿರಪ್ ಹೀಗೆ ಎಷ್ಟೋ ಕಡೆ ಪ್ಯಾರಾಸಿಟಮಾಲ್ ಸೇರಿಕೊಂಡಿರುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 4 ಗ್ರಾಂ. ತೂಕ ಕಡಿಮೆ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ, ಮದ್ಯ ಜಾಸ್ತಿ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ ಇರಬಹುದು. ಮಕ್ಕಳಿಗೆ ತೂಕ ನೋಡಿಯೇ ಲೆಕ್ಕ.

ಹೆಸರಿನ ಜೊತೆ ಇವನ್ನೂ ಬರೆದುಕೊಳ್ಳಿ: ಎಷ್ಟು ಮಿಲಿಗ್ರಾಂ, ಯಾವ ರೂಪ, ಎಷ್ಟು ಹೊತ್ತಿಗೊಮ್ಮೆ, ಯಾವ ಕಾಯಿಲೆಗೆ. ರೂಪ ಅನ್ನುವುದು ಸಣ್ಣ ವಿಷಯ ಅಲ್ಲ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿದ್ದರೆ ಅದು ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. ಅದನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಟ್ಟಿಗೇ ಮೈಗೆ ಸೇರಬಹುದು.

"ಯಾವ ಕಾಯಿಲೆಗೆ" ಮತ್ತು "ಎಷ್ಟು ಹೊತ್ತಿಗೊಮ್ಮೆ" ಯಾಕೆ ಬೇಕು ಅನ್ನುವುದಕ್ಕೆ ಮೆಥೋಟ್ರೆಕ್ಸೇಟ್ ಅತ್ಯುತ್ತಮ ಉದಾಹರಣೆ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಇದನ್ನು ಕಡಿಮೆ ಡೋಸ್‌ನಲ್ಲಿ ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಕ್ಯಾನ್ಸರ್‌ಗೆ ಕೊಡುವ ಕ್ರಮವೇ ಬೇರೆ. ವಾರಕ್ಕೊಮ್ಮೆಯದನ್ನು ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಹಲವು ದೇಶಗಳ ನಿಯಂತ್ರಕರು ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಈಗ ಯೋಚಿಸಿ, ಸಂಧಿವಾತ ಇರುವವರು ಆ ಹೆಸರನ್ನಷ್ಟೇ ಹುಡುಕಿ ಕ್ಯಾನ್ಸರ್‌ನ ಪುಟ ತೆರೆದರೆ ಏನಾಗಬಹುದು? ಒಂದೋ ಹೆದರಿ ಮಾತ್ರೆ ಬಿಡುತ್ತಾರೆ, ಇಲ್ಲ ಅಲ್ಲಿಯ ಡೋಸನ್ನು ತಮ್ಮದು ಅಂದುಕೊಳ್ಳುತ್ತಾರೆ. ಎರಡೂ ಕೆಟ್ಟದ್ದೇ.

ಹೆಜ್ಜೆ 2: ಪ್ರಶ್ನೆಯನ್ನು ಖಚಿತ ಮಾಡಿಕೊಳ್ಳಿ

"ಈ ಮಾತ್ರೆ ಒಳ್ಳೆಯದಾ?" ಎಂದು ಕೇಳಿದರೆ ಅಭಿಪ್ರಾಯಗಳ ರಾಶಿ ಸಿಗುತ್ತದೆ. "ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ನಡುವೆ ಎಷ್ಟು ಗಂಟೆ ಬಿಡಬೇಕು?" ಎಂದು ಕೇಳಿದರೆ ಉತ್ತರ ಸಿಗುತ್ತದೆ. ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆಗೆ ಸಾಮಾನ್ಯವಾಗಿ ಹೇಳುವುದು ಕನಿಷ್ಠ 4 ಗಂಟೆ, ಕಬ್ಬಿಣದ ಮಾತ್ರೆಗೂ ಅಷ್ಟೇ. ಒಂದು ಹೊತ್ತು ಮರೆತರೆ ಏನು ಮಾಡಬೇಕು, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಯಾವ ಲಕ್ಷಣ ಕಂಡರೆ ಕರೆ ಮಾಡಬೇಕು, ಇಂಥವು ನೆಟ್‌ನಲ್ಲಿ ಚೆನ್ನಾಗಿ ಉತ್ತರ ಸಿಗುವ ಪ್ರಶ್ನೆಗಳು. "ನನಗೆ ಇದು ಬೇಕಾ, ಬೇಡವಾ" ಅನ್ನುವುದು ಅಲ್ಲಿ ಕೇಳುವ ಪ್ರಶ್ನೆ ಅಲ್ಲ.

ಹೆಜ್ಜೆ 3: ಸರ್ಚ್ ಎಂಜಿನ್‌ಗಿಂತ ಮೊದಲು ನೇರ ಮೂಲಕ್ಕೆ ಹೋಗಿ

ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬಂದದ್ದು ನಂಬಿಕೆಗೆ ಯೋಗ್ಯ ಅಂತೇನೂ ಇಲ್ಲ. ಮೊದಲ ಒಂದೆರಡು ಹಣ ಕೊಟ್ಟು ಹಾಕಿದ ಜಾಹೀರಾತೇ ಆಗಿರಬಹುದು. ಹಾಗಾಗಿ ಕೆಲವು ತಾಣಗಳ ಹೆಸರನ್ನು ತಿಳಿದುಕೊಂಡು ನೇರವಾಗಿ ಅಲ್ಲಿಗೇ ಹೋಗಿ ಹುಡುಕುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಡಬ್ಬಿಯೊಳಗೆ ಮಡಚಿಟ್ಟಿರುವ ಕಾಗದ. ಅದನ್ನು ಎಸೆಯಬೇಡಿ. ಔಷಧಕ್ಕೆ ಅನುಮತಿ ಕೊಡುವ ಸಂಸ್ಥೆಗಳು ಪರಿಶೀಲಿಸಿದ ಮಾಹಿತಿ ಅದರಲ್ಲಿರುತ್ತದೆ. ಕಳೆದುಹೋಗಿದ್ದರೆ ಅಥವಾ ಅಕ್ಷರ ತೀರಾ ಚಿಕ್ಕದಿದ್ದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಮೆರಿಕದ ಔಷಧಗಳ ಲೇಬಲ್‌ಗಳು, ಅಂದರೆ ಇಂಥ ಅಧಿಕೃತ ಮಾಹಿತಿಯ ಕಾಗದಗಳು, ಡೈಲಿಮೆಡ್ ಎಂಬ ತಾಣದಲ್ಲಿವೆ. ಬ್ರಿಟನ್ನಿನವು ಇಎಂಸಿ ಎಂಬ ತಾಣದಲ್ಲಿವೆ. ಯೂರೋಪಿನ ಹಲವು ಔಷಧಗಳ ಬಗ್ಗೆ ಯೂರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಪ್ರಕಟಿಸುತ್ತದೆ. ನೀವಿರುವ ದೇಶದ ನಿಯಂತ್ರಕ ಸಂಸ್ಥೆಯ ತಾಣವನ್ನೂ ಒಮ್ಮೆ ತೆರೆದು ನೋಡಿ. ವಾಪಸ್ ಪಡೆದ ಬ್ಯಾಚ್‌ಗಳು, ಹೊಸ ಎಚ್ಚರಿಕೆಗಳು ಬರುವುದು ಅಲ್ಲೇ.

ಸರಳ ಭಾಷೆಯಲ್ಲಿ ಬೇಕು ಅಂದರೆ ನನ್ನ ಮೊದಲ ಆಯ್ಕೆ ಎರಡು. ಒಂದು ಮೆಡ್‌ಲೈನ್‌ಪ್ಲಸ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಇದನ್ನು 1998ರಿಂದ ನಡೆಸುತ್ತಿದೆ. ಜಾಹೀರಾತು ಇಲ್ಲ. ಔಷಧ ಯಾಕೆ ಕೊಡುತ್ತಾರೆ, ಹೇಗೆ ತಗೊಳ್ಳಬೇಕು, ಮರೆತರೆ ಏನು ಅಂತ ಪ್ರಶ್ನೋತ್ತರದ ಹಾಗೆ ಬರೆದಿದ್ದಾರೆ. ಇನ್ನೊಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಔಷಧಗಳ ಪುಟಗಳು. ಪುಟವನ್ನು ಯಾವಾಗ ಪರಿಶೀಲಿಸಿದ್ದು, ಮುಂದಿನ ಪರಿಶೀಲನೆ ಯಾವಾಗ ಅಂತ ಅಲ್ಲೇ ಹಾಕಿರುತ್ತಾರೆ. ಎನ್‌ಎಚ್‌ಎಸ್ ಇಂಗ್ಲಿಷ್ ಬಹಳ ಸರಳ, ಇಂಗ್ಲಿಷ್ ಅಷ್ಟಾಗಿ ಬರದವರಿಗೂ ಅರ್ಥವಾಗುತ್ತದೆ.

ವಿಶೇಷ ಸಂದರ್ಭಗಳಿಗೆ ಬೇರೆ ತಾಣಗಳಿವೆ. ಹಾಲೂಡಿಸುವ ತಾಯಂದಿರಿಗೆ ಲ್ಯಾಕ್ಟ್‌ಮೆಡ್. ಔಷಧ ಎದೆಹಾಲಿಗೆ ಎಷ್ಟು ಸೇರುತ್ತದೆ, ಮಗುವಿನ ಮೇಲೆ ಏನಾದರೂ ಪರಿಣಾಮ ಕಂಡಿದೆಯಾ, ಬದಲಿಗೆ ಏನು ಕೊಡಬಹುದು ಅಂತ ಅಲ್ಲಿರುತ್ತದೆ. ಗರ್ಭಿಣಿಯರಿಗೆ ಮದರ್‌ಟುಬೇಬಿ ಮತ್ತು ಬ್ರಿಟನ್ನಿನ ಬಂಪ್ಸ್. ಮಕ್ಕಳ ಔಷಧಕ್ಕೆ ಮೆಡಿಸಿನ್ಸ್ ಫಾರ್ ಚಿಲ್ಡ್ರನ್. ಗಿಡಮೂಲಿಕೆ ಮತ್ತು ಸಪ್ಲಿಮೆಂಟ್‌ಗಳಿಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ ನಡೆಸುವ ಅಬೌಟ್ ಹರ್ಬ್ಸ್. ಒಂದು ಚಿಕಿತ್ಸೆ ನಿಜವಾಗಿ ಕೆಲಸ ಮಾಡುತ್ತದಾ ಅನ್ನುವ ಪ್ರಶ್ನೆಗೆ ಕೊಕ್ರೇನ್. 1993ರಲ್ಲಿ ಶುರುವಾದ ಈ ಸಂಸ್ಥೆ ಒಂದೇ ವಿಷಯದ ಎಲ್ಲಾ ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಜನಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವನ್ನೂ ಕೊಡುತ್ತದೆ.

ಇವುಗಳಲ್ಲಿ ಜಾಸ್ತಿ ಇಂಗ್ಲಿಷಿನಲ್ಲೇ ಇವೆ. ಬ್ರೌಸರ್‌ನ ಅನುವಾದ ಬಳಸಿ ಕನ್ನಡದಲ್ಲಿ ಓದಬಹುದು, ಆದರೆ ಎರಡು ಜಾಗದಲ್ಲಿ ಮೂಲ ಪುಟಕ್ಕೆ ಮರಳಿ ನೋಡಿ. ಒಂದು, ಸಂಖ್ಯೆ ಮತ್ತು ಸಮಯ ಇರುವ ಕಡೆ. ಇನ್ನೊಂದು, "ಮಾಡಬೇಡಿ", "ಹೊರತು" ಅನ್ನುವ ಅರ್ಥದ ಸಾಲು ಇರುವ ಕಡೆ. ಯಂತ್ರ ಎಡವಿದರೆ ಬೇಡ ಅನ್ನುವುದು ಬೇಕು ಆಗಿಬಿಡುತ್ತದೆ.

ಹೆಜ್ಜೆ 4: ಗೊತ್ತಿಲ್ಲದ ಪುಟವನ್ನು ತೂಗಿ ನೋಡಿ

ಎಷ್ಟೇ ಎಚ್ಚರ ಇದ್ದರೂ ಪರಿಚಯವಿಲ್ಲದ ಪುಟಗಳಿಗೆ ಹೋಗಿಯೇ ಹೋಗುತ್ತೇವೆ. ಆಗ ನಾನು ಮೊದಲು ಕೇಳುವ ಪ್ರಶ್ನೆ: ಇಲ್ಲಿ ಬರೆದದ್ದು ತಪ್ಪಾದರೆ ಜವಾಬ್ದಾರಿ ಯಾರದು? ಬರೆದವರ ಹೆಸರು, ಅವರ ಓದು, ಸಂಸ್ಥೆಯ ವಿಳಾಸ ಯಾವುದೂ ಇಲ್ಲದಿದ್ದರೆ ಯಾರದೂ ಅಲ್ಲ. ಅಂಥ ಪುಟವನ್ನು ಮುಚ್ಚಿಬಿಡಿ.

ಆಮೇಲೆ ಹಣ. ಈ ಪುಟ ಓದಿ ನಾನು ಏನನ್ನಾದರೂ ಕೊಂಡರೆ ಲಾಭ ಯಾರಿಗೆ? ಔಷಧ ಕಂಪನಿಯ ಪುಟವೆಂದರೆ ಸುಳ್ಳು ಎಂದಲ್ಲ, ಅಲ್ಲಿ ಹಾಕಿರುವ ಅಧಿಕೃತ ಲೇಬಲ್ ನಂಬುವಂಥದ್ದೇ. ಆದರೆ ಅದೇ ಪುಟದ ನಗುವ ಮುಖಗಳು, ಅನುಭವದ ಮಾತುಗಳು ಮಾರಾಟಕ್ಕಾಗಿ ಇರುವಂಥವು. "ಡಾಕ್ಟರುಗಳು ಮುಚ್ಚಿಡುವ ಸತ್ಯ" ಅಂತ ಶುರುವಾಗಿ ಕೊನೆಗೆ ಒಂದು ಡಬ್ಬಿ ಮಾರುವ ಪುಟಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ.

ಮೂರನೆಯದು ದಿನಾಂಕ. ಔಷಧದ ಬಗೆಗಿನ ತಿಳಿವಳಿಕೆ ಬದಲಾಗುತ್ತಾ ಇರುತ್ತದೆ. ಅಧ್ಯಯನಗಳೂ ವಾಪಸ್ ಆಗುತ್ತವೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಇವತ್ತಿಗೂ ಅದನ್ನೇ ತೋರಿಸುವ ಪುಟಗಳಿವೆ. ಯಾರಾದರೂ ಒಂದು ಅಧ್ಯಯನದ ಹೆಸರು ಹೇಳಿದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ತಾಣದಲ್ಲಿ ನೋಡಿ. ಹಿಂಪಡೆದಿದ್ದರೆ ಅಲ್ಲಿ ಸಾಮಾನ್ಯವಾಗಿ ಎದ್ದು ಕಾಣುವಂತೆ ಹಾಕಿರುತ್ತಾರೆ.

ಪುಟದ ಮೇಲಿರುವ ಮೊಹರುಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಆರೋಗ್ಯ ತಾಣಗಳಿಗೆ ಹಾನ್‌ಕೋಡ್ ಎಂಬ ಪ್ರಮಾಣ ಮುದ್ರೆ ಬಹಳ ಕಾಲ ಇತ್ತು. ಅದನ್ನು ಕೊಡುತ್ತಿದ್ದ ಸಂಸ್ಥೆಯೇ 2022ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಈಗ ಯಾರಾದರೂ ಆ ಮುದ್ರೆ ತೋರಿಸಿದರೆ ಅದರ ಹಿಂದೆ ಪರಿಶೀಲಿಸುವವರು ಯಾರೂ ಇಲ್ಲ.

ಒಂದೇ ಪುಟದೊಳಗೆ ಮುಳುಗಿ ಅದು ನಿಜವೋ ಅಲ್ಲವೋ ಅಂತ ತಲೆ ಕೆಡಿಸಿಕೊಳ್ಳುವ ಬದಲು ಹೊರಗೆ ಬನ್ನಿ. ಇನ್ನೊಂದು ಟ್ಯಾಬ್‌ನಲ್ಲಿ ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ನೋಡಿ. ಅದೇ ಸಂಗತಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಒಳ್ಳೆಯ ಮೂಲಗಳಲ್ಲಿ ಇದೆಯಾ ನೋಡಿ. ಒಂದೇ ವಾಕ್ಯ ಹತ್ತು ಪುಟಗಳಲ್ಲಿ ಅಕ್ಷರ ಬಿಡದೆ ಇದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದರ ನಕಲು ಅಷ್ಟೇ.

ಹೆಜ್ಜೆ 5: ಅಡ್ಡಪರಿಣಾಮದ ಪಟ್ಟಿಯನ್ನು ಓದಲು ಕಲಿಯಿರಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಜನ ಔಷಧ ಬಿಡುವುದು ಹೆಚ್ಚಾಗಿ ಈ ಪಟ್ಟಿ ಓದಿಯೇ.

ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಔಷಧ ಕೆಟ್ಟದ್ದಲ್ಲ. ಬಹಳ ವರ್ಷದಿಂದ, ಬಹಳ ಜನರ ಮೇಲೆ ಬಳಸಿದ ಔಷಧದ ಪಟ್ಟಿ ಉದ್ದವೇ ಇರುತ್ತದೆ. ನೋಡಬೇಕಾದದ್ದು ಎಷ್ಟು ಜನರಿಗೆ ಆಗುತ್ತದೆ ಅನ್ನುವುದನ್ನು. ಯೂರೋಪಿನ ಔಷಧಗಳ ಮಾಹಿತಿ ಕಾಗದಗಳಲ್ಲಿ ಇದಕ್ಕೆ ಗೊತ್ತಾದ ಅಳತೆ ಇದೆ. "ಅತಿ ಸಾಮಾನ್ಯ" ಅಂದರೆ 10 ಜನರಲ್ಲಿ 1ಕ್ಕಿಂತ ಹೆಚ್ಚು. "ಸಾಮಾನ್ಯ" ಅಂದರೆ 100ರಲ್ಲಿ 1ರಿಂದ 10. "ಅಸಾಮಾನ್ಯ" ಅಂದರೆ 1,000ದಲ್ಲಿ 1ರಿಂದ 10. "ಅಪರೂಪ" ಅಂದರೆ 10,000ದಲ್ಲಿ 1ರಿಂದ 10. "ತೀರಾ ಅಪರೂಪ" ಅಂದರೆ ಅದಕ್ಕಿಂತಲೂ ಕಡಿಮೆ. ಗಮನಿಸಿ, "ಸಾಮಾನ್ಯ" ಎಂದು ಓದಿದಾಗ ಹೆಚ್ಚಿನವರಿಗೆ ಆಗುತ್ತದೆ ಅನ್ನಿಸುತ್ತದೆ. 100ರಲ್ಲಿ 3 ಜನರಿಗೆ ಆಗುವುದೂ "ಸಾಮಾನ್ಯ"ವೇ. ಉಳಿದ 97 ಜನರಿಗೆ ಆಗಲಿಲ್ಲ.

ಅಮೆರಿಕದ ಲೇಬಲ್‌ಗಳಲ್ಲಿ ಇನ್ನೊಂದು ಉಪಯೋಗದ ವಿಷಯ ಇರುತ್ತದೆ. ಔಷಧ ತಗೊಂಡವರ ಕಾಲಂ ಪಕ್ಕದಲ್ಲಿ ಪ್ಲಸೀಬೊ, ಅಂದರೆ ಔಷಧವಿಲ್ಲದ ಮಾತ್ರೆ ತಗೊಂಡವರ ಕಾಲಂ ಕೊಟ್ಟಿರುತ್ತಾರೆ. ಔಷಧದ ಕಡೆ ತಲೆನೋವು ಶೇಕಡಾ 12, ಪ್ಲಸೀಬೊ ಕಡೆ ಶೇಕಡಾ 11 ಇದೆ ಅಂದುಕೊಳ್ಳಿ. ಆಗ ಆ ತಲೆನೋವಿನಲ್ಲಿ ಔಷಧದ ಪಾಲು ಬಹಳ ಕಡಿಮೆ. ಲೇಬಲ್‌ನ ಮೇಲ್ಭಾಗದಲ್ಲಿ ಕಪ್ಪು ಚೌಕಟ್ಟಿನೊಳಗೆ ಏನಾದರೂ ಇದ್ದರೆ ಅದು ಎಫ್‌ಡಿಎ ಹಾಕಿಸುವ ಅತಿ ಗಂಭೀರ ಎಚ್ಚರಿಕೆ. ಅದನ್ನು ಪೂರ್ತಿ ಓದಿ, ಡಾಕ್ಟರ ಹತ್ತಿರ ಕೇಳುವ ಪ್ರಶ್ನೆಗಳಲ್ಲಿ ಮೊದಲು ಬರೆಯಿರಿ.

ಆಗುತ್ತದೇನೋ ಎಂದು ಕಾಯುವುದರಿಂದಲೇ ಆಗುವ ಅಡ್ಡಪರಿಣಾಮವೂ ಉಂಟು. ಅದಕ್ಕೆ ನೋಸೀಬೊ ಎನ್ನುತ್ತಾರೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್‌ಗಳ ಬಗ್ಗೆ 2020ರಲ್ಲಿ ಸ್ಯಾಮ್ಸನ್ ಎಂಬ ಸಣ್ಣ ಆದರೆ ಜಾಣತನದ ಅಧ್ಯಯನ ಬಂತು. ಅಡ್ಡಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ತಗೊಂಡರು. ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಪ್ಲಸೀಬೊ, ಕೆಲವು ತಿಂಗಳು ಏನೂ ಇಲ್ಲ. ಮಾತ್ರೆ ಇದ್ದ ತಿಂಗಳುಗಳಲ್ಲಿ ಯಾವುದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಸ್ಟ್ಯಾಟಿನ್ ತಗೊಂಡಾಗ ಆದ ತೊಂದರೆಯ ಸುಮಾರು ಶೇಕಡಾ 90ರಷ್ಟು ಪ್ಲಸೀಬೊ ತಗೊಂಡಾಗಲೂ ಆಗಿತ್ತು. ಆ ನೋವು ಸುಳ್ಳು ಅಂತ ಇದರ ಅರ್ಥ ಅಲ್ಲ. ನೋವು ನಿಜವೇ, ಅದರ ಕಾರಣ ಬೇರೆ ಇರಬಹುದು. ಇದು ಸ್ಟ್ಯಾಟಿನ್‌ನ ಕಥೆ, ಎಲ್ಲಾ ಔಷಧಕ್ಕೂ ಹೀಗೇ ಎನ್ನಲಾಗದು. ನನ್ನ ಸಲಹೆ ಇಷ್ಟು: ಪೂರ್ತಿ ಪಟ್ಟಿಯನ್ನು ರಾತ್ರಿ ಮಲಗುವ ಮುಂಚೆ ಓದಬೇಡಿ. ಹಗಲು ಓದಿ. "ತಕ್ಷಣ ಕರೆ ಮಾಡಬೇಕಾದವು" ಮತ್ತು "ಕೆಲವು ದಿನ ನೋಡಬಹುದಾದವು" ಅಂತ ಎರಡು ಭಾಗ ಮಾಡಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆಯ ವಿಜಿಆಕ್ಸೆಸ್ ಎಂಬ ತಾಣದಲ್ಲಿ ಲೋಕದ ಹಲವು ದೇಶಗಳಿಂದ ಬಂದ ಅಡ್ಡಪರಿಣಾಮದ ವರದಿಗಳನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿಯ ಸಂಖ್ಯೆಯನ್ನು ತಪ್ಪಾಗಿ ಓದುವುದು ಬಹಳ ಸುಲಭ. ಅವು ಅನುಮಾನದ ವರದಿಗಳು. ಔಷಧದಿಂದಲೇ ಆಯಿತು ಅಂತ ಸಾಬೀತಾದವಲ್ಲ. ಜೊತೆಗೆ ಎಷ್ಟು ಜನ ಆ ಔಷಧ ತಗೊಂಡಿದ್ದರು ಅನ್ನುವ ಲೆಕ್ಕವೂ ಅಲ್ಲಿಲ್ಲ. ಆ ಸಂಖ್ಯೆಯ ಸ್ಕ್ರೀನ್‌ಶಾಟ್ ತೋರಿಸಿ ಹೆದರಿಸುವವರನ್ನು ನಂಬಬೇಡಿ.

"ಅಪಾಯ ದುಪ್ಪಟ್ಟು" ಎಂದರೆ ಏನು ಕೇಳಬೇಕು

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಎಚ್ಚರಿಕೆ ಹೊರಬಂತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಅಂತ. ಮಾತು ಸುಳ್ಳಲ್ಲ. ಆದರೆ ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ, ಅಷ್ಟೇ ಆ ದುಪ್ಪಟ್ಟಿನ ಅರ್ಥ. ಹೆದರಿದ ಬಹಳ ಹೆಂಗಸರು ಮಾತ್ರೆ ಬಿಟ್ಟರು. ಬೇಡದ ಬಸಿರು ಹೆಚ್ಚಿತು, ಗರ್ಭಪಾತ ಹೆಚ್ಚಿತು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು ಅನ್ನುವುದು ಇನ್ನೂ ನೋವಿನ ವಿಷಯ. ಶೇಕಡಾವಾರು ಏರಿಕೆ, ಇಳಿಕೆ ಓದಿದಾಗಲೆಲ್ಲ ಮೂರು ಪ್ರಶ್ನೆ ಕೇಳಿ: ಮೊದಲು ಎಷ್ಟಿತ್ತು? ಈಗ ಎಷ್ಟಾಯಿತು? ಔಷಧ ತಗೊಳ್ಳದಿದ್ದರೆ ಎಷ್ಟು?

ಹೆಜ್ಜೆ 6: ಒಂದಕ್ಕಿಂತ ಹೆಚ್ಚು ಔಷಧ ಇದ್ದರೆ

ಎರಡು ಔಷಧ ಜೊತೆಗೆ ಹೊಂದುತ್ತವೆಯೇ ಅಂತ ನೋಡುವ ಆನ್‌ಲೈನ್ ಸಾಧನಗಳಿವೆ. ಡ್ರಗ್ಸ್ ಡಾಟ್ ಕಾಮ್, ಮೆಡ್‌ಸ್ಕೇಪ್ ಹೆಚ್ಚು ಜನ ಬಳಸುವಂಥವು. ಎಚ್‌ಐವಿ ಔಷಧಗಳಿಗೆ ಲಿವರ್‌ಪೂಲ್ ವಿಶ್ವವಿದ್ಯಾಲಯದ್ದು ಡಾಕ್ಟರುಗಳೂ ಬಳಸುವಂಥದ್ದು. ಪಟ್ಟಿಯಲ್ಲಿ ಎಲ್ಲವನ್ನೂ ಹಾಕಿ, ವಿಟಮಿನ್, ಕಷಾಯದ ಪುಡಿ, ನೋವಿನ ಮಾತ್ರೆ, ಯಾವಾಗಲೋ ಒಮ್ಮೆ ತಗೊಳ್ಳುವ ಆಸಿಡಿಟಿ ಮಾತ್ರೆ ಕೂಡ. ಗಿಡಮೂಲಿಕೆ ತಾನೇ ಅಂತ ಬಿಡುವಂತಿಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯವೂ ಆಗಬಹುದು.

ಈ ಸಾಧನಗಳು ಒಂದೇ ಜೋಡಿಗೆ ಬೇರೆ ಬೇರೆ ತೀವ್ರತೆ ತೋರಿಸುವುದುಂಟು. ಕೆಂಪು ಬಣ್ಣ ಬಂದ ಕೂಡಲೇ ಮಾತ್ರೆ ನಿಲ್ಲಿಸಬೇಡಿ. ಎಷ್ಟೋ ಸಲ ಡಾಕ್ಟರ್ ಅದನ್ನು ತಿಳಿದೇ, ರಕ್ತ ಪರೀಕ್ಷೆ ನೋಡುತ್ತಾ ಕೊಟ್ಟಿರುತ್ತಾರೆ. ಕೆಲವು ಬಿಪಿ ಮತ್ತು ಹೃದಯದ ಮಾತ್ರೆಗಳು, ಬಹಳ ದಿನದ ಸ್ಟೀರಾಯ್ಡ್, ಫಿಟ್ಸ್ ಮಾತ್ರೆ, ಖಿನ್ನತೆಯ ಮಾತ್ರೆ ಇವುಗಳನ್ನು ಒಮ್ಮೆಲೇ ನಿಲ್ಲಿಸುವುದೇ ದೊಡ್ಡ ಅಪಾಯ. ಪ್ರಶ್ನೆ ಬರೆದಿಟ್ಟುಕೊಂಡು ಫಾರ್ಮಸಿಸ್ಟಿಗೆ ಅದೇ ದಿನ ಕರೆ ಮಾಡಿ. ಔಷಧಗಳ ಹೊಂದಾಣಿಕೆ ಅವರು ಓದಿ ಬಂದ ವಿದ್ಯೆ. ನಾವು ಅವರನ್ನು ಕೇಳುವುದು ತೀರಾ ಕಡಿಮೆ.

ಹೆಜ್ಜೆ 7: ಎಐ, ವಿಡಿಯೋ, ಫಾರ್ವರ್ಡ್

ಎಐ ಚಾಟ್‌ಗಳು ಕಷ್ಟದ ಸಾಲನ್ನು ಸುಲಭ ಮಾಡಿ ಹೇಳುತ್ತವೆ. ಡಾಕ್ಟರನ್ನು ಕೇಳಲು ಪ್ರಶ್ನೆ ಜೋಡಿಸಿ ಕೊಡುತ್ತವೆ. ಅದಕ್ಕೆ ಬಳಸಿಕೊಳ್ಳಿ. ಡೋಸ್, ಹೊಂದಾಣಿಕೆ, ಗರ್ಭಿಣಿಗೆ ಸರಿಯೇ ಎಂಬಂಥ ಪ್ರಶ್ನೆಗೆ ಅವು ಕೊಟ್ಟ ಉತ್ತರವನ್ನು ಲೇಬಲ್ ಜೊತೆ ಹೋಲಿಸದೆ ನಂಬಬೇಡಿ. ಇಲ್ಲದ ಅಧ್ಯಯನದ ಹೆಸರನ್ನೂ ಅವು ಅಷ್ಟೇ ಧೈರ್ಯದಿಂದ ಹೇಳಬಲ್ಲವು. ವಿಡಿಯೋದಲ್ಲಿ ಬಿಳಿ ಕೋಟು ಹಾಕಿದವರು ಯಾರು, ಯಾವ ವಿಷಯದಲ್ಲಿ ಓದಿದವರು ಅಂತ ನೋಡಿ. ಪ್ರಸಿದ್ಧ ಡಾಕ್ಟರುಗಳ ಮುಖ, ದನಿಯನ್ನೇ ನಕಲು ಮಾಡಿದ ಜಾಹೀರಾತುಗಳೂ ಈಗ ಬರುತ್ತಿವೆ. ಮೂಲ ಗೊತ್ತಿಲ್ಲದ ಫಾರ್ವರ್ಡ್‌ನಲ್ಲಿ ಔಷಧದ ಸಲಹೆ ಇದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರು ಹಿರಿಯರಾಗಿದ್ದರೆ ಎಲ್ಲರೆದುರು ತಿದ್ದುವ ಬದಲು ಸರಿಯಾದ ಪುಟವನ್ನು ಅವರಿಗಷ್ಟೇ ಕಳಿಸಿ, "ಇದನ್ನೂ ಒಮ್ಮೆ ನೋಡಿ" ಎನ್ನಿ.

ಹೆಜ್ಜೆ 8: ಬೆಂಬಲದ ಗುಂಪು ಹುಡುಕುವುದು

ಮಾಹಿತಿಯಿಂದ ತುಂಬದ ಜಾಗವೊಂದಿದೆ. ದಿನಾ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗೆ ಕೈ ನಡುಗುವುದು, ಮಾತ್ರೆಯಿಂದ ತೂಕ ಹೆಚ್ಚಿದಾಗ ಆಗುವ ಬೇಜಾರು, ಜೀವನ ಪೂರ್ತಿ ಇದೇನಾ ಎನ್ನುವ ದಣಿವು. ಇದನ್ನು ಅದೇ ದಾರಿಯಲ್ಲಿ ನಡೆದವರು ಅರ್ಥ ಮಾಡಿಕೊಳ್ಳುವಷ್ಟು ಬೇರೆಯವರು ಮಾಡಿಕೊಳ್ಳಲಾರರು. ಒಳ್ಳೆಯ ಗುಂಪು ಸಿಕ್ಕರೆ ಅದು ದೊಡ್ಡ ಆಸರೆ.

ಹುಡುಕಾಟವನ್ನು ನಿಮ್ಮ ಕಾಯಿಲೆಗೆ ಸಂಬಂಧಿಸಿದ ನೋಂದಾಯಿತ ಸಂಸ್ಥೆಯಿಂದ ಶುರು ಮಾಡಿ. ಅವರೇ ನಡೆಸುವ ಗುಂಪು ಇದೆಯಾ ಕೇಳಿ. ನಿಮ್ಮ ಡಾಕ್ಟರನ್ನು, ಆಸ್ಪತ್ರೆಯ ನರ್ಸನ್ನು ಕೇಳಿದರೂ ಗೊತ್ತಿರಬಹುದು. ಗುಂಪಿಗೆ ಸೇರಿದ ಮೇಲೆ ಕೆಲವು ದಿನ ಸುಮ್ನೆ ಓದಿ. ನಿಯಮಗಳು ಇವೆಯಾ, ನೋಡಿಕೊಳ್ಳುವವರು ಇದ್ದಾರಾ? ಯಾರಾದರೂ "ಮಾತ್ರೆ ಬಿಟ್ಟುಬಿಡಿ" ಎಂದರೆ ತಡೆಯುತ್ತಾರಾ? ಔಷಧದಿಂದ ಒಳ್ಳೆಯದಾದವರಿಗೂ, ಕೆಟ್ಟದಾದವರಿಗೂ ಮಾತಾಡಲು ಜಾಗ ಇದೆಯಾ? ಒಂದೇ ಕಡೆಯ ಮಾತು ಮಾತ್ರ ಉಳಿದು ಬೇರೆಯವರನ್ನು ಬೈದು ಓಡಿಸುತ್ತಿದ್ದರೆ ಅಲ್ಲಿಂದ ಹೊರಬನ್ನಿ. ಖಾಸಗಿ ಮೆಸೇಜ್‌ನಲ್ಲಿ ಏನನ್ನಾದರೂ ಮಾರಲು ಬರುವವರು, ತಮ್ಮಲ್ಲಿ ಉಳಿದ ಮಾತ್ರೆ ಕಳಿಸುತ್ತೇನೆ ಎನ್ನುವವರು ಇದ್ದರೆ ಕೂಡಲೇ ಗುಂಪು ನೋಡಿಕೊಳ್ಳುವವರಿಗೆ ತಿಳಿಸಿ.

ಗುಂಪಿನಿಂದ ತಗೊಳ್ಳಬಹುದಾದದ್ದು ಬಹಳ ಇದೆ. ಮಾತ್ರೆ ಮರೆಯದಿರಲು ಏನು ಮಾಡುತ್ತಾರೆ, ವಾಕರಿಕೆ ಬಂದಾಗ ಡಾಕ್ಟರ್ ಏನು ಹೇಳಿದರು, ಮನೆಯವರಿಗೆ ಹೇಗೆ ವಿವರಿಸಿದರು, ಯಾವ ಪ್ರಶ್ನೆ ಕೇಳಬೇಕಿತ್ತು. ತಗೊಳ್ಳಬಾರದ್ದು ಅವರ ಡೋಸ್. ಖಿನ್ನತೆಯ ಮಾತ್ರೆ ಕಡಿಮೆ ಮಾಡುವ ಬಗ್ಗೆ ಗುಂಪುಗಳಲ್ಲಿ ಬಹಳ ಚರ್ಚೆ ನಡೆಯುತ್ತದೆ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಇದಕ್ಕೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಸಾರ್ವಜನಿಕರಿಗಾಗಿಯೇ ಬರೆದ ಮಾಹಿತಿ ಇದೆ. ಅದನ್ನು ಓದಿ, ಡಾಕ್ಟರ ಮುಂದಿಟ್ಟು ನಿಮಗೆ ಹೊಂದುವ ಕ್ರಮ ಕೇಳಿ.

ಇನ್ನೊಂದು ಮಾತು ನೆನಪಿರಲಿ. ಗುಂಪಿನಲ್ಲಿ ಬರೆಯುವವರು ಹೆಚ್ಚಾಗಿ ತೊಂದರೆಯಲ್ಲಿ ಇರುವವರು. ಔಷಧ ಹೊಂದಿಕೊಂಡು ಆರಾಮಾಗಿ ಇರುವವರು ಬಂದು ಬರೆಯುವುದು ಕಡಿಮೆ. ಹತ್ತು ಕಹಿ ಅನುಭವ ಓದಿದ ಮೇಲೆ ನನಗೂ ಹೀಗೇ ಆಗುತ್ತದೆ ಎಂದು ನಿರ್ಧರಿಸುವ ಮೊದಲು ಲೇಬಲ್‌ನ ಸಂಖ್ಯೆಗೆ ಮರಳಿ ಬನ್ನಿ.

ಗುಟ್ಟು ಕಾಪಾಡಿಕೊಳ್ಳಿ. ನಿಜವಾದ ಹೆಸರು, ಕೆಲಸದ ಜಾಗ, ಡಾಕ್ಟರ್ ಚೀಟಿಯ ಫೋಟೋ, ಲ್ಯಾಬ್ ರಿಪೋರ್ಟ್ ಹಾಕಬೇಡಿ. ಸ್ಟ್ರಿಪ್‌ನ ಫೋಟೋ ಹಾಕುವಾಗಲೂ ಪಕ್ಕದಲ್ಲಿ ವಿಳಾಸ ಇರುವ ಬಿಲ್ ಕಾಣದಂತೆ ನೋಡಿಕೊಳ್ಳಿ. "ಮುಚ್ಚಿದ ಗುಂಪು" ಅಂದರೂ ಸ್ಕ್ರೀನ್‌ಶಾಟ್ ತೆಗೆಯಲು ಒಬ್ಬರು ಸಾಕು. ಮಾತ್ರೆ ನೆನಪಿಸುವ ಆ್ಯಪ್ ಹಾಕಿಕೊಳ್ಳುವ ಮುಂಚೆ ಅದು ನಿಮ್ಮ ಮಾಹಿತಿಯನ್ನು ಯಾರ ಜೊತೆ ಹಂಚಿಕೊಳ್ಳುತ್ತದೆ ಅಂತ ಓದಿ.

ಆನ್‌ಲೈನ್‌ನಲ್ಲಿ ಕೊಳ್ಳುವ ಬಗ್ಗೆ ಎರಡೇ ಮಾತು

ಚೀಟಿ ಬೇಕಾದ ಔಷಧವನ್ನು ಚೀಟಿ ಕೇಳದೆ ಮಾರುವ ತಾಣದಿಂದ ಕೊಳ್ಳಬೇಡಿ. ವಿಳಾಸ, ಪರವಾನಗಿ ಸಂಖ್ಯೆ, ಮಾತಾಡಲು ಫಾರ್ಮಸಿಸ್ಟ್ ಇಲ್ಲದ ತಾಣವೂ ಬೇಡ. ಪರವಾನಗಿ ಸಂಖ್ಯೆಯನ್ನು ನಿಮ್ಮ ದೇಶದ ನಿಯಂತ್ರಕರ ಪಟ್ಟಿಯಲ್ಲಿ ಹುಡುಕಿ ನೋಡಿ, ಆ ತಾಣದಲ್ಲಿರುವ ಲಾಂಛನವನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10ರಲ್ಲಿ 1 ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು.

ಹೆಜ್ಜೆ 9: ಸಿಕ್ಕಿದ್ದನ್ನು ಡಾಕ್ಟರ ಮುಂದೆ ಇಡುವುದು

ಇಪ್ಪತ್ತು ಪುಟ ಪ್ರಿಂಟ್ ತಗೊಂಡು ಹೋಗಬೇಡಿ. ಒಂದು ಹಾಳೆ ಸಾಕು. ಮೇಲೆ ನೀವು ತಗೊಳ್ಳುವ ಎಲ್ಲಾ ಔಷಧಗಳ ಪಟ್ಟಿ, ಕೆಳಗೆ ಎರಡು ಅಥವಾ ಮೂರು ಪ್ರಶ್ನೆ, ಓದಿದ ಪುಟದ ಹೆಸರು. "ನೆಟ್‌ನಲ್ಲಿ ಇದು ಕೆಟ್ಟದ್ದು ಅಂತಿದೆ" ಎಂದರೆ ಮಾತು ವಾದಕ್ಕೆ ತಿರುಗುತ್ತದೆ. "ಈ ಮಾತ್ರೆ ಜೊತೆ ನೋವಿನ ಮಾತ್ರೆ ತಗೊಂಡರೆ ಕಿಡ್ನಿಗೆ ತೊಂದರೆ ಆಗಬಹುದು ಅಂತ ಲೇಬಲ್‌ನಲ್ಲಿ ಓದಿದೆ. ನನಗೆ ಅದು ಎಷ್ಟು ಅನ್ವಯಿಸುತ್ತೆ ಡಾಕ್ಟ್ರೇ? ಏನನ್ನು ಗಮನಿಸಬೇಕು?" ಅಂದರೆ ಉತ್ತರ ಸಿಗುತ್ತದೆ. ಕೇಳಲು ಸಂಕೋಚ ಆದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಿ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡು, ಸರಿಯಾಗಿ ಅರ್ಥವಾಯಿತಾ ಅಂತ ಒಮ್ಮೆ ಓದಿ ಹೇಳಿ.

ಹೊಸ ಮಾತ್ರೆ ಸೇರಿದಾಗ, ಡೋಸ್ ಬದಲಾದಾಗ, ಬಸಿರಾದಾಗ, ಆಪರೇಷನ್‌ಗೆ ಮುಂಚೆ, ಆಸ್ಪತ್ರೆಯಿಂದ ಮನೆಗೆ ಬಂದಾಗ ಈ ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಹಳೆಯ ಹಾಳೆಯನ್ನು ಹರಿದು ಹಾಕಿ, ಎರಡೂ ಮನೆಯಲ್ಲಿ ಇರಬಾರದು.

ಹೆಜ್ಜೆ 10: ಅಡ್ಡಪರಿಣಾಮ ಆದರೆ ವರದಿ ಮಾಡಿ

ಇದನ್ನು ಮಾಡುವವರು ತೀರಾ ಕಡಿಮೆ. ಥಾಲಿಡೊಮೈಡ್ ಎಂಬ ಔಷಧದಿಂದ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಮೇಲೆ, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶಗಳ ವರದಿಗಳನ್ನು ಒಂದೆಡೆ ಸೇರಿಸುವ ಕೆಲಸ ಶುರು ಮಾಡಿತು. ಈಗ ಅದನ್ನು ಸ್ವೀಡನ್ನಿನ ಉಪ್ಸಲಾದ ಕೇಂದ್ರ ನೋಡಿಕೊಳ್ಳುತ್ತದೆ. ಲೇಬಲ್‌ಗೆ ಆಮೇಲೆ ಸೇರುವ ಎಷ್ಟೋ ಎಚ್ಚರಿಕೆಗಳು ಹೀಗೆ ಬಂದ ವರದಿಗಳಿಂದಲೇ. ಬಹಳ ದೇಶಗಳಲ್ಲಿ ರೋಗಿಗಳೇ ನೇರವಾಗಿ ಆನ್‌ಲೈನ್‌ನಲ್ಲಿ ವರದಿ ಮಾಡಬಹುದು. ನಿಯಂತ್ರಕ ಸಂಸ್ಥೆಯ ತಾಣದಲ್ಲಿ ಅದರ ಅರ್ಜಿ ಸಿಗುತ್ತದೆ. ಔಷಧದಿಂದಲೇ ಆಯಿತು ಅಂತ ಖಾತ್ರಿ ಇರಬೇಕಾಗಿಲ್ಲ, ಅನುಮಾನ ಸಾಕು. ಔಷಧದ ಹೆಸರು, ಕಂಪನಿ, ಬ್ಯಾಚ್ ನಂಬರ್, ಯಾವತ್ತು ಶುರು ಮಾಡಿದಿರಿ, ಯಾವತ್ತು ತೊಂದರೆ ಕಂಡಿತು, ಜೊತೆಗೆ ಇನ್ನೇನು ತಗೊಳ್ಳುತ್ತಿದ್ದಿರಿ, ನಿಲ್ಲಿಸಿದ ಮೇಲೆ ಕಡಿಮೆ ಆಯಿತಾ, ಇಷ್ಟು ಬರೆಯಿರಿ. ಬ್ಯಾಚ್ ನಂಬರ್ ಸ್ಟ್ರಿಪ್‌ನ ಅಂಚಿನಲ್ಲಿ ಇರುತ್ತದೆ. ಆದ್ದರಿಂದ ಸ್ಟ್ರಿಪ್ ಕತ್ತರಿಸುವಾಗ ಆ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ.